ಗುಲಾಬಿ ಉಣ್ಣಲೊಲ್ಲಳು

ಚೆಲುವು ಕಂಡರೆ ಗುಣವೂ ಇದ್ದೇ ಇರುತ್ತದೆ ಎಂದು ನಂಬಿಬಿಡುವುದು ನನ್ನ ಹುಟ್ಟುಗುಣ. ಹೊರಗೆ ಹೊಳೆಯುವ ಕಲ್ಲಂಗಡಿಯನ್ನೇ ಆರಿಸಿ ತಂದು ಮನೆಮಂದಿಗೆಲ್ಲ ಸಪ್ಪೆ ತಿರುಳು ತಿನ್ನಿಸಿದ ಖ್ಯಾತಿ ನನ್ನದು. ಆದರೆ ಹಂದಿಯ ವಿಷಯದಲ್ಲೂ ಹೀಗಾದೀತೆಂದು ಎಣಿಸಿರಲಿಲ್ಲ.

ನನ್ನ ಹೆಂಡತಿ ಮಹಾದೇವಿ ದನದ ಡಾಕ್ಟರು. ಗುಂಡಗುರ್ತಿಯ ತವರಿನ ಹೊಲದಲ್ಲಿ ಅವಳು ಹಂದಿ ಸಾಕಣೆ ಶುರುಮಾಡಿದಾಗ, ಕೋಳಿತತ್ತಿಯನ್ನೂ ಹೊಸ್ತಿಲು ದಾಟಿಸದ ನಮ್ಮ ಅವ್ವ, "ಕಾಯಕ ಅಂದಮ್ಯಾಲ ಕಾಯಕ. ಆದ್ರ ಜಳಕ ಮಾಡಿ ಒಳಗ ಬಾರವ್ವ" ಎಂದಿದ್ದಳು. ನಾನು ಚಿತ್ತಾಪುರದ ಕಾಲೇಜಿನಲ್ಲಿ ಇತಿಹಾಸ ಹೇಳುವವನು. ರಜೆಯ ದಿನ ಹೊಲಕ್ಕೆ ಹೋಗಿ, ಯಾರೂ ಕೇಳದ ಸಲಹೆ ಕೊಡುವುದು ನನ್ನ ಪಾಲಿನ ಕಾಯಕ.

ಅಲ್ಲೊಂದು ಯಂತ್ರವಿದೆ. ಕಿವಿಗೆ ಬಿಲ್ಲೆ ಹಾಕಿದ ಹಂದಿ ತಲೆ ತೂರಿಸಿದರೆ ತಿನಿಸು ಬೀಳುತ್ತದೆ. ಯಾರು ಎಷ್ಟು ತಿಂದರು, ಎಷ್ಟು ಹೊತ್ತು ನಿಂತರು ಎಂಬುದೆಲ್ಲ ಮಹಾದೇವಿಯ ಮೊಬೈಲಿಗೆ ಬರುತ್ತದೆ. ಯಾವ ಹೆಣ್ಣುಮರಿಗಳನ್ನು ಮುಂದೆ ತಾಯಿಯಾಗಲು ಉಳಿಸಿಕೊಳ್ಳಬೇಕೆಂದು ಅವಳು ಆರಿಸುವುದು ಅದನ್ನು ನೋಡಿ. ನನ್ನ ಆಯ್ಕೆ ಗುಲಾಬಿ. ನುಣುಪು ಮೈ, ಉದ್ದ ರೆಪ್ಪೆ, ನನ್ನ ಬೈಕಿನ ಸದ್ದಿಗೇ ಓಡಿಬರುವ ಪ್ರೀತಿ!

"ಈಕಿ ಬ್ಯಾಡ್ರಿ," ಎಂದಳು ಮಹಾದೇವಿ. "ಬಾಜೂಕಿನಾಕಿನ್ನ ದಬ್ಬಿ ಒಳಗ ಹೋಗ್ತಾಳ, ಎರಡು ತುತ್ತು ತಿಂದು ಹೊರಗ ಬರ್ತಾಳ. ಒಂದಿನ ಭಾಳ ತಿಂತಾಳ, ಒಂದಿನ ಮೂಸಿ ಸುದ್ದಾ ನೋಡೂದಿಲ್ಲ. ತಾಯಿ ನೆಟ್ಟಗ ತಿನ್ನದಿದ್ರ ಮರಿಗೆ ಹಾಲು ಎಲ್ಲಿಂದ ಬರಬೇಕು? ಈ ಚಾಳಿ ಮಗಳಿಗೂ ಬರ್ತದ."

"ಮುಖದಾಗಿನ ಕಳಾ ನೋಡು!"

"ಕಳಾ ಕುಡದು ಮರಿ ದೊಡ್ಡವಾಗ್ತಾವೇನ್ರಿ?"

ನಾನು ಕೆಲವು ದಿನ ಮುಖ ಊದಿಸಿಕೊಂಡು ತಿರುಗಿದೆ. ಕಾಟ ತಾಳಲಾರದೆ ಅವಳು ಗುಲಾಬಿಯನ್ನು ಉಳಿಸಿಕೊಂಡಳು.

ಬೇಸಿಗೆಯಲ್ಲಿ ಗುಲಾಬಿ ಮರಿ ಹಾಕಿದಳು. ಹಾಕಿದವಳೇ ತಿನಿಸಿಗೆ ಬೆನ್ನು ತಿರುಗಿಸಿದಳು. ಜ್ವರವಿಲ್ಲ, ಜಡ್ಡಿಲ್ಲ. ಮರಿಗಳು ಬತ್ತಿದ ಮೊಲೆ ಜಗ್ಗಿ ಕಿರುಚಿದವು. ಒಂದಂತೂ ಕಿರುಚುವುದನ್ನೂ ಬಿಟ್ಟಿತು. ಬಡಕಲಾದ ಮರಿಗಳನ್ನು ಮಹಾದೇವಿ ಪಕ್ಕದ ಹಂದಿಯ ಬಳಿ ಬಿಟ್ಟಳು. ಮಚ್ಚೆ ಮೈಯ ಆ ತಾಯಿ ತನ್ನ ಪಾಲನ್ನು ನಿಧಾನಕ್ಕೆ ತಿಂದು ಮುಗಿಸಿ, ಬಂದವರಿಗೂ ಹಾಲು ಕುಡಿಸಿದಳು.

ನನಗೆ ತಡೆಯಲಾಗಲಿಲ್ಲ. ನೀರು ಹನಿಸಿದ ಶಹಾಬಾದ್ ಕಲ್ಲಿನ ಮೇಲೆ ಗುಲಾಬಿಯ ಪಕ್ಕ ಕುಳಿತು, ನೆನೆಸಿದ ತಿನಿಸನ್ನು ಅಂಗೈಯಲ್ಲಿ ಹಿಡಿದು, "ಒಂದ್ ತುತ್ತು ಉಣ್ಣವ್ವ, ನನ್ನ ಬಂಗಾರ" ಎಂದು ಗೋಗರೆದೆ. ತಿಂದಳು! ನಾನು ಎದ್ದರೆ ನಿಲ್ಲಿಸುತ್ತಿದ್ದಳು, ಕೂತರೆ ತಿನ್ನುತ್ತಿದ್ದಳು. ಕಾಲೇಜಿಗೆ ರಜೆ ಹಾಕಿ ಕೂತೆ. ಬತ್ತಿದ ಮೊಲೆಗೆ ಹಾಲು ಬಂತು, ಮರಿಗಳೆಲ್ಲ ಬದುಕಿದವು.

ಗೆದ್ದ ಹುಮ್ಮಸ್ಸಿನಲ್ಲಿ, "ಇನ್ನ ಈಕಿ ಮಗಳನ್ನ ಇಟ್ಕೊಳ್ಳೋಣಲ್ಲ?" ಎಂದೆ.

"ಇಟ್ಕೋಬಹುದ್ರಿ. ಆದ್ರ ಬಾಜೂಕ ಕುಂತು ಉಣಸ್ಲಿಕ್ಕ ಪ್ರತಿ ಪೀಳಿಗಿಗೂ ನಿಮ್ಮಂಥವರು ಒಬ್ಬರು ಬೇಕಲ್ಲ, ಎಲ್ಲಿಂದ ತರಲಿ?"

ಅಂದು ಸಂಜೆ ಮನೆಯಲ್ಲಿ ತಾಟಿನ ಮುಂದೆ ಕೂತು, "ಮಹಾದೇವಿ, ಬಾಜೂಕ ಬಂದು ಕುಂದ್ರು. ನೀ ಇಲ್ಲಂದ್ರ ನನಗ ರೊಟ್ಟಿ ಸೇರೂದಿಲ್ಲ" ಎಂದು ಕರೆದೆ. ಅವಳು ಪಕ್ಕದಲ್ಲಿ ಬಂದು ಕೂತು, "ಒಂದ್ ತುತ್ತು ಉಣ್ರಿ, ನನ್ನ ಬಂಗಾರ" ಎಂದಳು. ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ. ನಮ್ಮ ಮಾವನವರು ವರ ನೋಡಲು ಬಂದ ದಿನ ನೌಕರಿ, ಮನೆತನ ವಿಚಾರಿಸಿ, ಬಸ್ಸಿಗೆ ತಡವಾಯಿತೆಂದು ಊಟಕ್ಕೆ ನಿಲ್ಲದೆ, ನಾನು ಉಣ್ಣುವ ಚಂದ ನೋಡದೆ ಹೊರಟುಹೋಗಿದ್ದರು. ಆ ಬಸ್ಸು ಹೊತ್ತಿಗೆ ಸರಿಯಾಗಿ ಬಂದದ್ದು ನನ್ನ ಪುಣ್ಯ.