ನಾಲ್ಕು ತಪ್ಪಿನ ಕುರ್ಚಿ

ಶಾಂತಾದೇವಿಯವರಿಗೆ ಆ ಮುಂಜಾನೆ ಕರಿಬೇವು ಬೇಕಾಗದೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ದಾಂಡೇಲಿಯ ಬಂಗೂರನಗರದ ಬಾಡಿಗೆ ಮನೆಯಲ್ಲಿ ಇಶ್ರತ ಲ್ಯಾಪ್‌ಟಾಪ್ ಮುಂದೆ ಕುಳಿತು ಪಾಠ ಮಾಡುತ್ತಿದ್ದಳು. ಊರಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ವಸ್ತುಗಳ ವಿನ್ಯಾಸ, ತಯಾರಿಕೆ ಕಲಿಸುವ ಕೆಲಸ. ಇನ್ನೂ ಖಾಯಂ ಆಗಿರಲಿಲ್ಲ. ವಾರಕ್ಕೊಂದು ದಿನ ಪಾಠ ಮನೆಯಿಂದಲೇ, ವಿದ್ಯಾರ್ಥಿಗಳು ದಿಕ್ಕಿಗೊಬ್ಬರು. ಜೋಯಿಡಾದವರು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದ್ದರು. ಅತ್ತಿವೇರಿಯ ರೀನಾ ಮೈಕು ತೆರೆದರೆ ಸಾಕು, ಅಲ್ಲಿನ ಹಕ್ಕಿಗಳೆಲ್ಲ ಹಾಜರಿ ಹೇಳುವವರಂತೆ ಕೂಗುತ್ತಿದ್ದವು. ಇವರೆಲ್ಲ ಸೇರುತ್ತಿದ್ದುದು ಪರದೆಯೊಳಗಿನ ವರ್ಕ್‌ಶಾಪಿನಲ್ಲಿ. ಅಲ್ಲಿ ಪೈಪು ಕತ್ತರಿಸಬಹುದು, ಬಾಗಿಸಬಹುದು, ಬೆಸೆಯಬಹುದು. ಯಾರ ಬೆರಳೂ ಸುಡುವುದಿಲ್ಲ.

ಅವತ್ತು ತಪ್ಪು ಹುಡುಕುವ ಪಾಠ. ಅದಕ್ಕೆಂದೇ ಇಶ್ರತ ಒಂದು ಕೆಟ್ಟ ಕುರ್ಚಿ ರಚಿಸಿದ್ದಳು. ಆಸನ ಮುಂದಕ್ಕೆ ಜಾರು. ಬೆನ್ನೆಲುಬು ತಾಗುವಲ್ಲೇ ಒಂದು ಉಬ್ಬು. ಕೈ ಇಡುವ ಪಟ್ಟಿ ಕಿವಿಯ ಎತ್ತರಕ್ಕೆ. ಒಂದು ಕಾಲು ಗಿಡ್ಡ.

"ಇದರಾಗ ಏನೇನ್ ತಪ್ಪೈತಿ, ನೋಡಿ ಹೇಳ್ರಿ," ಎನ್ನುತ್ತ ಅವಳು 'ಪರೀಕ್ಷಿಸು' ಎಂಬ ಗುಂಡಿಯತ್ತ ಬೆರಳು ಒಯ್ದಳು. ಆಗಲೇ ಕಿಟಕಿಯಲ್ಲಿ ಪಕ್ಕದ ಮನೆಯ ಶಾಂತಾದೇವಿಯವರ ಮುಖ ಮೂಡಿತು.

"ಇಶ್ರತ, ನಾಕ ಎಸಳು ಕರಿಬೇವು ಕೊಡವಾ."

ಬೆಚ್ಚಿದ ಬೆರಳು ಪಕ್ಕದ ಗುಂಡಿಯ ಮೇಲೆ ಬಿತ್ತು.

"ಮೇಡಂ," ಹಕ್ಕಿಗಳ ನಡುವಿನಿಂದ ರೀನಾ ಹೇಳಿದಳು, "ಕುರ್ಚಿ ತಯಾರಿಗೆ ಹೋಗೇತಿ ಅಂತ ತೋರಸಾಕತ್ತೇತ್ರಿ."

ಇಶ್ರತ ಪರದೆಗೆ ಬಗ್ಗಿ ನೋಡಿದಳು. ನಿಜ. ಪ್ರಾಂಶುಪಾಲ ದುಂಡೇಶ ಸರ್ ಹೋದ ವಾರವಷ್ಟೇ ಆ ವರ್ಕ್‌ಶಾಪನ್ನು ಹಳಿಯಾಳದ ಖಲೀಲ ಭಾಯಿಯ ವೆಲ್ಡಿಂಗ್ ಅಂಗಡಿಗೆ ಜೋಡಿಸಿದ್ದರು. ಪರದೆಯ ಮೇಲೆ ಗುಂಡಿ ಒತ್ತಿದರೆ ಅಲ್ಲಿ ನಿಜವಾದ ಸಾಮಾನು ತಯಾರು. ಮೊದಲ ಸಾಮಾನು ನೇರ ತಮ್ಮ ಕೋಣೆಗೆ ಬರಬೇಕೆಂದೂ ಹೇಳಿದ್ದರು. ಆರ್ಡರ್ ರದ್ದು ಮಾಡಲು ಹೋದರೆ, 'ಪ್ರಾಂಶುಪಾಲರ ಒಪ್ಪಿಗೆ ಬೇಕು' ಎಂದು ಪರದೆ ಕೆಂಪಗಾಯಿತು. ಖಲೀಲ ಭಾಯಿಗೆ ಫೋನ್ ಮಾಡಿದರೆ ಕಬ್ಬಿಣ ಕೊಯ್ಯುವ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

"ಹಳಿಯಾಳಕ್ಕ ಹೋಗಿ ನಿಲ್ಲಸೂಣು ತಗೋ," ಎಂದರು ಶಾಂತಾದೇವಿ. ಕರಿಬೇವು ಮರೆತೇಹೋಗಿತ್ತು. ಮಹಡಿಯ ಮೇಲಿದ್ದ ಮಾಲತೇಶನನ್ನು ಅವರೇ ಕೂಗಿದರು. ಅವನು ಅದೇ ಕಾಲೇಜಿನಲ್ಲಿ ಗಣಿತ ಕಲಿಸುವವನು. ಅವನ ಹತ್ತಿರ ಕಾರಿತ್ತು.

ಕಾರಿತ್ತು ನಿಜ. ಆದರೆ ಮಾಲತೇಶ ಊಟ ಮಾಡದೆ ಸ್ಟೇರಿಂಗ್ ಮುಟ್ಟುವವನಲ್ಲ. ಊಟವಾದ ಮೇಲೆ ಕಾರು ಹೊರಡಲೊಪ್ಪಲಿಲ್ಲ. ಓಣಿಯವರೆಲ್ಲ ಸೇರಿ ತಳ್ಳಿದರು. "ನೀ ಒಬ್ಬಾಕಿ ಹೋಗಬ್ಯಾಡ," ಎಂದು ಶಾಂತಾದೇವಿಯೂ ಹತ್ತಿದರು. ಬೀಗರ ಮನೆಯ ಮದುವೆಗೆ ಹೊರಟವರಂತೆ ಗಾಡಿ ಸಾಗಿತು. ಕಾಡಿನ ನಡುವೆ ಮಾಲತೇಶ ಒಮ್ಮೆಲೆ ನಿಲ್ಲಿಸಿದ.

"ಮಂಗಟ್ಟೆ ಹಕ್ಕಿ ಕುಂತೈತಿ ನೋಡ್ರಿ. ಜೋಡಿ ಬರೂತನಕ ಸ್ವಲ್ಪ ತಡೀರಿ."

"ಮಾಲತೇಶ, ನನ್ನ ನೌಕರಿ ಹಾರಿ ಹೊಂಟೈತಿ, ನೀವು ಹಕ್ಕಿ ನೋಡಾಕತ್ತೀರಿ," ಎಂದಳು ಇಶ್ರತ. ಅಷ್ಟರಲ್ಲಿ ಹಳಿಯಾಳದ ಕಡೆಯಿಂದ ಬಂದ ಟೆಂಪೋ ಒಂದು ದಾರಿ ಬಿಡಿರೆಂದು ಹಾರ್ನ್ ಹೊಡೆಯಿತು. ಮಾಲತೇಶ ಮರ್ಯಾದೆಯಿಂದ ಕಾರು ಬದಿಗೆ ತೆಗೆದ.

ಅಂಗಡಿ ಮುಟ್ಟಿದಾಗ ಖಲೀಲ ಭಾಯಿ ಕೈ ತೊಳೆದುಕೊಳ್ಳುತ್ತಿದ್ದ. "ಬರ್ರಿ ಮೇಡಂ, ಬರ್ರಿ. ಕುರ್ಚಿ ಈಗ ಹೋತು ನೋಡ್ರಿ. ಸಾಹೇಬ್ರು ಟೆಂಪೋ ಕಳಿಸಿದ್ರು. ದಾರ್ಯಾಗ ಭೆಟ್ಟಿ ಆಗಲಿಲ್ಲೇನು?"

ಇಶ್ರತ ಮಾಲತೇಶನ ಮುಖ ನೋಡಿದಳು. ಮಾಲತೇಶ ಆಕಾಶ ನೋಡಿದ.

"ಒಂದು ಕೂದಲೆಳಿ ಆಚೀಚಿ ಮಾಡಿಲ್ಲ," ಖಲೀಲ ಭಾಯಿ ಅಭಿಮಾನದಿಂದ ಹೇಳಿದ. "ಕುಂತು ನೋಡಿದೆ, ಸೊಂಟ ಹಿಡೀತು. ಅಲ್ಲಾನ ಕಸಂ, ಇದು ಏನೋ ದೊಡ್ಡ ಓದಿನ ಸಾಮಾನ ಅಂತ ಸುಮ್ಮನಾದೆ."

ಮೂವರೂ ತಿರುಗಿ ದಾಂಡೇಲಿಗೆ ಬಂದರು. ಕಾಲೇಜಿನ ಅಂಗಳದಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಅದು ಆಡಳಿತ ಮಂಡಳಿಯ ಹಿರಿಯರದು. ಅವರು ಬಂದು ಕುಳಿತರೆಂದರೆ ಹೊತ್ತು ಮುಳುಗುವವರೆಗೆ ಏಳುವವರಲ್ಲ. ತಮ್ಮ ಯೌವನದ ಕತೆ ಹೇಳುತ್ತಲೇ ಇರುವವರು. ಇಶ್ರತ ಪ್ರಾಂಶುಪಾಲರ ಕೋಣೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಆ ಹಿರಿಯರೇ ಸೊಂಟದ ಮೇಲೆ ಕೈಯಿಟ್ಟು, ಕತ್ತು ಓರೆ ಮಾಡಿಕೊಂಡು ಸರಸರನೆ ಹೊರಬಿದ್ದರು.

ಎಲ್ಲ ಮುಗಿಯಿತು ಎಂದುಕೊಂಡು ಅವಳು ಒಳಗೆ ಹೋದಳು. ಹೇಳುವುದನ್ನು ಹೇಳಿಬಿಡುವುದೇ ಮೇಲು.

"ಸರ್, ತಪ್ಪಾತ್ರಿ. ಅದು ಪಾಠಕ್ಕಂತ ಬೇಕಂತಲೇ ಮಾಡಿದ ಕೆಟ್ಟ ಕುರ್ಚಿ. ನಾಕ ತಪ್ಪ ಅದಾವ ಅದರಾಗ."

"ನಾಕೂ ಬರೋಬ್ಬರಿ ಕೆಲಸ ಮಾಡ್ಯಾವ," ಎಂದರು ದುಂಡೇಶ ಸರ್. ಅವರ ಕಣ್ಣಂಚಿನಲ್ಲಿ ನೀರಾಡುತ್ತಿತ್ತು. "ಹನ್ನೊಂದು ವರ್ಷದಾಗ ಆ ಮನುಷ್ಯಾ ಚಾ ಕುಡೀದ ಎದ್ದು ಹೋಗಿದ್ದು ಇವತ್ತ ಮದಲು. ನಿಮ್ಮ ನೌಕರಿ ಖಾಯಂ ಮಾಡ್ರಿ ಅಂತ ಈಗ ಬರದು ಕಳಸ್ತೇನಿ."

ಇಶ್ರತಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಗಿಲಲ್ಲಿ ಶಾಂತಾದೇವಿ ಮಾಲತೇಶನ ಬೆನ್ನು ತಟ್ಟುತ್ತಿದ್ದರು, ಎಲ್ಲವೂ ತಮ್ಮಿಂದಲೇ ಆಯಿತೆಂಬಂತೆ.

"ಇನ್ನ ಇಪ್ಪತ್ತು ಮಾಡಸೂಣು," ದುಂಡೇಶ ಸರ್ ಮುಂದುವರಿಸಿದರು. "ಸ್ಟಾಫ್ ರೂಮಿನ ಹಳೇ ಕುರ್ಚಿ ಎಲ್ಲಾ ತಗಸಿಬಿಡ್ತೇನಿ. ಆವಾಗರೆ ಮಾಸ್ತರಗೋಳು ಗಂಟಿ ಬಾರಸಿದ ಕೂಡ್ಲೆ ಎದ್ದು ಕ್ಲಾಸಿಗೆ ಹೋಗ್ತಾರ."

ಮಾಲತೇಶನ ಮುಖದ ನಗು ಅಲ್ಲೇ ಒಣಗಿತು.

"ಎಲ್ಲಿ ಎಷ್ಟು ಇಡೂದು, ಯಾವ ಬಣ್ಣ, ಸಂಜೀತನಕ ಕುಂತು ಮಾತಾಡೂಣು." ಅವರು ಕೋಣೆಯಲ್ಲಿ ಖಾಲಿಯಿದ್ದ ಒಂದೇ ಒಂದು ಕುರ್ಚಿಯನ್ನು ಪ್ರೀತಿಯಿಂದ ಅವಳತ್ತ ಸರಿಸಿದರು. "ಕುಂದರ್ರಿ ಮೇಡಂ, ಆರಾಮ ಕುಂದರ್ರಿ."