ಇಪ್ಪತ್ತು ಪ್ಯಾಕೆಟ್ಟು, ಇಪ್ಪತ್ತು ಮುಖ

ಇಷ್ಟೆಲ್ಲ ಆಗಿದ್ದು ಒಂದು ಬಾಲ್‌ಪೆನ್ನಿನಿಂದ. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ವಿರುಪಮ್ಮ ಶೇಂಗಾ ಚಟ್ನಿಪುಡಿ ಕುಟ್ಟಿ, ಪ್ಲಾಸ್ಟಿಕ್ ಕವರಿಗೆ ತುಂಬಿ, ಚೀಟಿಯ ಮೇಲೆ ಪೆನ್ನಿನಲ್ಲಿ ತನ್ನ ಹೆಸರು ಬರೆದು ಒಳಗಿಡುತ್ತಿದ್ದಳು. ಶೇಂಗಾದ ಎಣ್ಣೆ ಆ ಚೀಟಿಯನ್ನು ಎರಡೇ ದಿನದಲ್ಲಿ ನುಂಗಿ ಹಾಕುತ್ತಿತ್ತು. ಕೊನೆಗೆ ಹೊಸಪೇಟೆಯ ಅಂಗಡಿಯ ಸುಧಾರಾಣಿ ಬೆಳಿಗ್ಗೆಯೇ ಫೋನು ಮಾಡಿದಳು.

"ಪುಡಿ ಮಸ್ತ್ ಐತ್ರಿ. ಆದ್ರ ಚೀಟಿ ಬ್ಯಾಡ, ಪ್ರಿಂಟ್ ಬೇಕು. ಸಂಜಿ ಐದರೊಳಗ ಇಪ್ಪತ್ತು ಪ್ಯಾಕೆಟ್ ತಂದ್ರ ಬಾಗಿಲ ಎದುರಿನ ಹಲಗಿ ನಿಮಗ. ಇಲ್ಲಾಂದ್ರ ಕಂಪ್ಲಿಯೋರು ಕಾಯಾಕತ್ತಾರ."

ಬಾಗಿಲ ಎದುರಿನ ಹಲಗೆ! ಅಂಗಡಿಗೆ ಬಂದವರ ಕಣ್ಣು ಮೊದಲು ಬೀಳುವ ಆ ಜಾಗಕ್ಕಾಗಿ ವಿರುಪಮ್ಮ ಒಂದು ವರ್ಷ ಕಾದಿದ್ದಳು. ಕಾಲುವೆ ಕಚೇರಿಯಲ್ಲಿ ಕೆಲಸಕ್ಕಿದ್ದ ಗಂಡ ಹುಸೇನಪ್ಪ ರಜೆ ಹಾಕಿದ. ಇಪ್ಪತ್ತು ಕವರು ತುಂಬಿದ ಚೀಲವನ್ನು ಅವನ ಕೈಗಿಡುವಾಗ, ಒನಕೆ ಹಿಡಿದು ಬೊಬ್ಬೆ ಎದ್ದ ಅಂಗೈ ಉಜ್ಜಿಕೊಳ್ಳುತ್ತಾ ಅವಳು ಹೇಳಿದ್ದು ಇಷ್ಟೇ: "ಹೆಂಗರ ಪ್ರಿಂಟ್ ಹೊಡಸ್ರಿ. ಹೆಸರು ಮಾತ್ರ ಎದ್ದು ಕಾಣ್ಬೇಕು."

ಹುಸೇನಪ್ಪ ಒಳ್ಳೆಯ ಮನುಷ್ಯ. ಯಾರು ಏನು ಹೇಳಿದರೂ ಹೌದೆನ್ನುವುದು ಅವನ ಹುಟ್ಟುಗುಣ. ಇಬ್ಬರು ಎರಡು ಥರ ಹೇಳಿದರೆ ಇಬ್ಬರಿಗೂ ಹೌದೆನ್ನುತ್ತಿದ್ದ. ಅಂಥವನು ಬಸ್‌ಸ್ಟಾಪಿನಲ್ಲಿ ಡ್ಯಾಂನ ನಿವೃತ್ತ ಗೇಟ್ ಆಪರೇಟರ್ ಭರಮಣ್ಣನ ಕಣ್ಣಿಗೆ ಬಿದ್ದ.

"ಪ್ರಿಂಟ್ ಅಂದ್ರ ಹುಡುಗಾಟ ಏನಲೇ? ನಾನೂ ಬರ್ತೀನಿ ನಡಿ," ಎಂದು ಭರಮಣ್ಣ ಬಸ್ಸು ಹತ್ತಿಯೇಬಿಟ್ಟ. ಸ್ಟೀಲ್ ಫ್ಯಾಕ್ಟರಿ ಆಫೀಸಿನಲ್ಲಿ ಕೆಲಸ ಮಾಡುವ, ಅಂದು ರಜೆಯಲ್ಲಿದ್ದ ಪಕ್ಕದ ಮನೆಯ ಗಂಗೋತ್ರಿಯೂ ಫೋನು ಒತ್ತುತ್ತಾ ಹಿಂದೆಯೇ ಹತ್ತಿದಳು.

ಹೊಸಪೇಟೆಯ ಪ್ರೆಸ್ಸಿನ ಪಂಪೇಶ್ ಇಪ್ಪತ್ತು ವರ್ಷದಿಂದ ಲಗ್ನಪತ್ರಿಕೆ, ಬ್ಯಾನರು ಮಾಡಿಕೊಂಡು ಬಂದವನು. ಗಿರಾಕಿಯನ್ನು ಕೂರಿಸಿ ಶುರುಮಾಡಿದ.

"ನೋಡ್ರಿ, ಕವರಿನ ಮ್ಯಾಲ ಪಳಪಳ ಹೊಳೀಬೇಕಂದ್ರ ಗ್ರಾವ್ಯೂರ್. ಒಂದೊಂದು ಬಣ್ಣಕ್ಕ ಒಂದೊಂದು ಉರುಳಿ ಮಾಡ್ಸಬೇಕು. ಕ್ವಿಂಟಲ್‌ಗಟ್ಟಲೆ ಕವರ್ ತಗೋಬೇಕು."

"ಅದ ಹೊಡಸು," ಎಂದ ಭರಮಣ್ಣ.

"ಕ್ವಿಂಟಲ್ ಕವರೇನು? ಡ್ಯಾಂ ಹೂಳು ತುಂಬಿದ್ರೂ ಖಾಲಿ ಆಗಂಗಿಲ್ಲ. ಸ್ಕ್ರೀನ್ ಪ್ರಿಂಟ್ ಮಾಡ್ಸ್ರಿ ಅಣ್ಣಾರ," ಎಂದಳು ಗಂಗೋತ್ರಿ.

"ಸ್ಕ್ರೀನ್ ಆದ್ರ ಹಗ್ಗಕ್ಕ ಹಾಕಿ ಒಣಗಿಸ್ಬೇಕು. ಎಣ್ಣಿ ಕೈ ಹತ್ತಿದ್ರ ಮಸಿ ಏಳ್ತೈತಿ," ಎಂದ ಪಂಪೇಶ್. "ಆಫ್‌ಸೆಟ್ ಆದ್ರ ಪ್ಲೇಟ್ ಮಾಡ್ಸಬೇಕು, ಡಬ್ಬಿಗೆ ಛಲೋ. ನಿಮ್ದು ಕವರ್."

ಮೂವರಿಗೂ ತಲೆಯಾಡಿಸಿ ಹುಸೇನಪ್ಪನ ಕುತ್ತಿಗೆ ನೋಯತೊಡಗಿತು. ಉರುಳೆ ಯಾವುದಕ್ಕೆ, ಹಗ್ಗ ಯಾವುದಕ್ಕೆ, ಮಸಿ ಏಳುವುದು ಯಾವುದರಲ್ಲಿ ಎಂಬುದೆಲ್ಲ ಒಂದರೊಳಗೊಂದು ಕಲಸಿಹೋಯಿತು. ಗಡಿಯಾರ ಮಾತ್ರ ಸ್ಪಷ್ಟವಾಗಿ ಹನ್ನೆರಡು ತೋರಿಸುತ್ತಿತ್ತು.

"ಇವತ್ತ ಆಗೋದು ಯಾವ್ದು, ಅದನ್ನಷ್ಟ ಹೇಳಪ್ಪ," ಎಂದ ಅಳುವ ದನಿಯಲ್ಲಿ.

"ಡಿಜಿಟಲ್ ಸ್ಟಿಕ್ಕರ್. ಪ್ಲೇಟಿಲ್ಲ, ಉರುಳಿ ಇಲ್ಲ. ಇಪ್ಪತ್ತು ಬೇಕಂದ್ರ ಇಪ್ಪತ್ತ. ಬೇಕಂದ್ರ ಒಂದೊಂದೂ ಬ್ಯಾರೆ ಬ್ಯಾರೆ ಹೊಡೀಬೋದು."

ಕೊನೆಯ ಮಾತನ್ನು ಪಂಪೇಶ್ ಹೇಳಬಾರದಿತ್ತು. ಭರಮಣ್ಣನ ಕಣ್ಣು ಅರಳಿತು.

"ಬ್ಯಾರೆ ಬ್ಯಾರೆ? ಹಂಗಾದ್ರ ಒಂದಕ್ಕ ನನ್ನ ಫೋಟೊ ಹಾಕು. ಹಬ್ಬಕ್ಕ ಬ್ಯಾನರ್ ಹಾಕಿದ್ರ ಶುಭಕೋರುವವರು ಅಂತ ಎಲ್ಲರ ಫೋಟೊ ಇರ್ತೈತಿಲ್ಲ? ಪುಡಿಗೂ ಶುಭ ಬ್ಯಾಡೇನಲೇ?"

"ಬ್ಯಾನರಿಗೆ ಹಾಕ್ತಾರ, ಖರೆ," ಎಂದ ಹುಸೇನಪ್ಪ. ಒಪ್ಪಿದಂತಾಯಿತು. ಅಷ್ಟರಲ್ಲಿ ಗಂಗೋತ್ರಿ ಕಾಲೊನಿಯ ವಾಟ್ಸ್ಯಾಪ್ ಗ್ರೂಪಿಗೆ ಸುದ್ದಿ ಹಾಕಿಯಾಗಿತ್ತು. ಫೋಟೊಗಳು ಒಂದರ ಹಿಂದೊಂದು ಬಂದು ಬಿದ್ದವು. ಕೂಲಿಂಗ್ ಗ್ಲಾಸಿನವರು, ಪೇಟ ಸುತ್ತಿದವರು, ಹಂಪಿಯ ಕಲ್ಲಿನ ರಥಕ್ಕೆ ಒರಗಿ ನಿಂತವರು. ಭರಮಣ್ಣ, ಗಂಗೋತ್ರಿಯರದೂ ಸೇರಿ ಒಟ್ಟು ಹತ್ತೊಂಬತ್ತು. ಉಳಿದ ಒಂದಕ್ಕೆ ಹುಸೇನಪ್ಪನದೇ ಮುಖ ಬಂತು.

ಎಲ್ಲರಿಗೂ ಹೆಸರು ಬೇಕು, ಹೆಸರಿನ ಕೆಳಗೆ ಹುದ್ದೆಯೂ ಬೇಕು. ಕಂಪ್ಯೂಟರಿನ ಮುಂದೆ ಪಂಪೇಶ್ ಬೆವರಿದ.

"ತೂಕ, ತಾರೀಖು ತೆಗೆಯಾಕ ಬರಂಗಿಲ್ರಿ. ಜಾಗ ಸಾಲವಲ್ದು. ಮ್ಯಾಲಿನ ಈ ಒಂದು ಸಾಲು ತೆಗೀಲೇನು?"

ಮೂರು ಗಂಟೆ ಹೊಡೆಯಿತು. "ತೆಗಿಯಪ್ಪ, ತೆಗಿ," ಎಂದ ಹುಸೇನಪ್ಪ, ಗಡಿಯಾರದಿಂದ ಕಣ್ಣು ಕೀಳದೆ.

ನಾಲ್ಕಕ್ಕೆ ಇಪ್ಪತ್ತೂ ಸ್ಟಿಕ್ಕರ್ ಅಂಟಿಸಿಯಾಯಿತು. ನಿಜಕ್ಕೂ ಚೆನ್ನಾಗಿದ್ದವು. ಹುಸೇನಪ್ಪನಿಗೆ ಖುಷಿಯಾಯಿತು, ಚೀಲ ಎತ್ತಿಕೊಂಡು ಹೊರಟ. ಅದೇ ಹೊತ್ತಿಗೆ ಡ್ಯಾಂ ಬಸ್ಸು ಬಂದು ನಿಂತು ಅರ್ಧ ಕಾಲೊನಿ ಕೆಳಗಿಳಿಯಿತು.

"ನಂದೆಲ್ಲೈತಿ?" "ಇದ ನೋಡ್ರಿ, ನಮ್ಮನಿಯೋರು!" ಎನ್ನುತ್ತಾ ಕೈಗಳು ಚೀಲದೊಳಕ್ಕೆ ಇಳಿದವು.

"ಇವು ಅಂಗಡಿಗ್ರೀ! ಮಾರೋವು!" ಎಂದು ಹುಸೇನಪ್ಪ ಕೂಗಿದ.

"ನನ್ನ ಮಾರಿ ನನಗ ಮಾರ್ತೀಯೇನಲೇ?" ಭರಮಣ್ಣ ತನ್ನ ಮುಖವಿದ್ದ ಪ್ಯಾಕೆಟ್ಟನ್ನು ಅಂಗಿಯ ಜೇಬಿಗಿಳಿಸಿದ. "ಲಗ್ನಪತ್ರಿಕಿ ಕೊಟ್ಟು ಯಾರರ ರೊಕ್ಕ ಕೇಳ್ತಾರೇನು?"

ಹುಸೇನಪ್ಪನಿಗೆ ಅದೂ ಸರಿಯೆನಿಸಿತು. ಗಂಗೋತ್ರಿ ತನ್ನದನ್ನು ಮೊದಲೇ ತೆಗೆದಿಟ್ಟುಕೊಂಡಿದ್ದಳು. ಐದಕ್ಕೆ ಸುಧಾರಾಣಿಯ ಅಂಗಡಿ ತಲುಪಿದಾಗ ಚೀಲದಲ್ಲಿ ಇದ್ದದ್ದು ಒಂದೇ, ಅವನದೇ ಮುಖ.

ಸುಧಾರಾಣಿ ಅದನ್ನು ಹೊರಳಿಸಿ ನೋಡಿದಳು. ಒಮ್ಮೆ ಪ್ಯಾಕೆಟ್ಟು, ಒಮ್ಮೆ ಅವನು. "ಪ್ರಿಂಟ್ ಭಾಳ ಛಂದ ಬಂದೈತ್ರಿ. ಉಳಿದ ಹತ್ತೊಂಬತ್ತು?"

ಹುಸೇನಪ್ಪ ನಡೆದದ್ದೆಲ್ಲ ಹೇಳಿದ. ಅವಳು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ಆತು, ನಾಳಿ ಮಧ್ಯಾಹ್ನತನಕ ಹಲಗಿ ಖಾಲಿ ಇಟ್ಟಿರ್ತೀನಿ. ಇಪ್ಪತ್ತು ಬರ್ಬೇಕು ನೋಡ್ರಿ. ಇದನ್ನ ಮನಿಯಾಗ ಅಕ್ಕಾರಿಗೆ ತೋರಸ್ರಿ."

ಬದುಕಿದೆ ಎಂದುಕೊಂಡು ಹುಸೇನಪ್ಪ ಮನೆಗೆ ಬಂದು, ನಡೆದದ್ದನ್ನೂ ನಾಳೆ ಮಧ್ಯಾಹ್ನದ ಗಡುವನ್ನೂ ಹೇಳಿ ಪ್ಯಾಕೆಟ್ಟನ್ನು ಹೆಂಡತಿಯ ಕೈಗಿಟ್ಟ. ವಿರುಪಮ್ಮ ಮುಂದೆ ನೋಡಿದಳು, ಹಿಂದೆ ನೋಡಿದಳು. ದೀಪದ ಕೆಳಗೆ ಹಿಡಿದು ಇನ್ನೊಮ್ಮೆ ನೋಡಿದಳು.

"ಶೇಂಗಾ ಚಟ್ನಿಪುಡಿ ಅಂತೈತಿ. ತೂಕ ಐತಿ, ತಾರೀಖೈತಿ. ಹುಸೇನಪ್ಪ, ಕಾಲುವೆ ಕಚೇರಿ ಅಂತೈತಿ. ನನ್ನ ಹೆಸರೆಲ್ರಿ?"

ಪಂಪೇಶ್ ತೆಗೆದ ಆ ಮೇಲಿನ ಸಾಲು ಯಾವುದೆಂದು ಹುಸೇನಪ್ಪನಿಗೆ ಆಗ ಹೊಳೆಯಿತು.

ವಿರುಪಮ್ಮ ಜಗಳವಾಡಲಿಲ್ಲ. ಪ್ಯಾಕೆಟ್ಟನ್ನು ಗೋಡೆಯ ಗೂಡಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಒರಳಿನ ಪಕ್ಕ ಒರಗಿಸಿದ್ದ ಒನಕೆಯನ್ನು ತಂದು ಗಂಡನ ಕೈಗೆ ಕೊಟ್ಟಳು.

"ನಾಳಿ ಮಧ್ಯಾಹ್ನಕ್ಕ ಇಪ್ಪತ್ತಲ್ಲ? ಪ್ಯಾಕೆಟ್ ಮ್ಯಾಲ ಯಾರ ಹೆಸರೈತಿ, ಅವ್ರೇ ಕುಟ್ಲಿ."