ಎಂಟು ವೀರರು, ಒಬ್ಬಳು ರಾಕ್ಷಸಿ

ಮಕ್ಕಳಿಗೆ ಪಾಠ ಹೇಳುವವರಿಗೆ ಫಜೀತಿಗಳು ಆಗುತ್ತಲೇ ಇರುತ್ತವೆ ಎನ್ನುತ್ತಾರೆ. ನನಗೆ ಪ್ರತಿ ಶನಿವಾರ ಹತ್ತರಿಂದ ಹನ್ನೆರಡರವರೆಗೆ ಆಗುತ್ತವೆ.

ಡ್ರೆಸ್ಡೆನ್‌ನಲ್ಲಿ ಭೌತಶಾಸ್ತ್ರದ ಪಿಎಚ್‌ಡಿ ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಸಿಕ್ಕಿದ್ದು ಇದು: ಚಿಪ್ ಕಾರ್ಖಾನೆಗಳಿಗೆ ಬಂದ ಜಪಾನಿ ಎಂಜಿನಿಯರುಗಳ ಎಂಟು ಮಕ್ಕಳಿಗೆ ಅವರ ಶನಿವಾರದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವುದು. ಉಡುಪಿಯಿಂದ ಅಮ್ಮ ಫೋನಿನಲ್ಲಿ ವಿಚಾರಿಸಿದಳು: "ಜರ್ಮನಿಗೆ ಹೋಗಿ ಜಪಾನಿನವರಿಗೆ ಇಂಗ್ಲಿಷ್ ಕಲಿಸುದಾ? ಇದಕ್ಕೆ ಇಷ್ಟು ಓದಬೇಕಿತ್ತಾ ಮಾರಾಯ್ತಿ?"

ಶಾಲೆಯ ಮುಖ್ಯೋಪಾಧ್ಯಾಯಿನಿಯ ಷರತ್ತು ಸ್ಪಷ್ಟವಾಗಿತ್ತು. ವರ್ಷದ ಕೊನೆಗೆ ಪೋಷಕರು ತರಗತಿ ನೋಡಲು ಬರುತ್ತಾರೆ. ಅವತ್ತು ಪ್ರತಿ ಮಗುವೂ ಇಂಗ್ಲಿಷಿನಲ್ಲಿ ಒಂದು ಪೂರ್ಣ ವಾಕ್ಯವನ್ನು ಸ್ವಂತವಾಗಿ ಹೇಳಬೇಕು. ಬಾಯಿಪಾಠ ಲೆಕ್ಕಕ್ಕಿಲ್ಲ. ಹೇಳಿದರೆ ಮುಂದಿನ ವರ್ಷವೂ ನಾನೇ. ಇಲ್ಲದಿದ್ದರೆ, ಈ ಕೆಲಸಕ್ಕೆ ಅಮೆರಿಕದವರೊಬ್ಬರು ಆಗಲೇ ವಿಚಾರಿಸಿದ್ದರು.

೧. ಗೊತ್ತಿರುವ ಕಥೆ

ಮಕ್ಕಳಿಗೆ ಗೊತ್ತಿರುವ ಜನಪದ ಕಥೆಗಳ ಮೂಲಕವೇ ಕಲಿಸಬೇಕು ಎಂಬುದು ಶಾಲೆಯ ಸಿದ್ಧಾಂತ. ಕಥೆ ಗೊತ್ತಿದ್ದರೆ ಭಾಷೆ ತಾನಾಗಿ ಅರ್ಥವಾಗುತ್ತದಂತೆ. ಕಥೆ ಗೊತ್ತಿದ್ದರೆ ಭಾಷೆಯೇ ಬೇಕಾಗುವುದಿಲ್ಲ ಎಂದು ಯಾರಿಗೂ ಹೊಳೆದಿರಲಿಲ್ಲ.

ಮೊದಲ ದಿನ ಪೀಚ್ ಹುಡುಗನ ಕಥೆ. ಹೊಳೆಯಲ್ಲಿ ತೇಲಿಬಂದ ಪೀಚ್ ಹಣ್ಣಿನಿಂದ ಹುಟ್ಟಿದ ಹುಡುಗ ದ್ವೀಪಕ್ಕೆ ಹೋಗಿ, ಊರು ದೋಚಿದ ರಾಕ್ಷಸರನ್ನು ಬಡಿದು ಬರುತ್ತಾನೆ.

"ಅಜ್ಜಿ ಬಟ್ಟೆ ಒಗೆಯುವಾಗ ಹೊಳೆಯಲ್ಲಿ ಏನು ಬಂತು?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಎಂಟೂ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮುಂದಿನ ಸಾಲಿನ ಹುಡುಗ ಜರ್ಮನ್‌ನಲ್ಲಿ, ಬಹಳ ಮೆಲ್ಲಗೆ ಕೇಳಿದ: "ಟೀಚರ್, ನಿಮಗೆ ಗೊತ್ತಿಲ್ವಾ?"

ಮುಂದಿನ ವಾರ ನನಗೆ ಅದೇ ಕಥೆಯ ಚಿತ್ರಪುಸ್ತಕ ತಂದುಕೊಟ್ಟ. ಅವನ ತಂಗಿಯದು. ಮೂರು ವರ್ಷದವಳಂತೆ. ಅವಳಿಗೆ ಅರ್ಥವಾಗಿದೆಯಂತೆ.

೨. ಮಂಗನ ಲಿವರ್

ಸರಿ, ನಮ್ಮ ಕಥೆ ಹೇಳೋಣವೆಂದು ಮಂಗ-ಮೊಸಳೆ ತೆಗೆದೆ. ಮೊಸಳೆಯ ಹೆಂಡತಿಗೆ ಮಂಗನ ಹೃದಯ ತಿನ್ನುವ ಆಸೆ; ಹೃದಯವನ್ನು ಮರದ ಮೇಲೆ ಬಿಟ್ಟು ಬಂದಿದ್ದೇನೆ ಎಂದು ಹೇಳಿ ಮಂಗ ಪಾರಾಗುತ್ತದೆ.

ಎಂಟೂ ತಲೆಗಳು ಅಡ್ಡಡ್ಡ ಆಡಿದವು. ಜಪಾನಿನಲ್ಲೂ ಈ ಕಥೆ ಇದೆ. ಅಲ್ಲಿ ಮಂಗ ಬಿಟ್ಟು ಬರುವುದು ಲಿವರ್.

"ಹೃದಯ ಬಿಟ್ಟು ಬಂದರೆ ಸತ್ತೇ ಹೋಗುತ್ತದೆ," ಎಂದಳು ಒಬ್ಬ ಹುಡುಗಿ.

"ಲಿವರ್ ಬಿಟ್ಟು ಬಂದರೆ?"

"ನಮ್ಮಪ್ಪಂದು ಪೂರ್ತಿ ಹೋಗಿದೆ ಅಂತ ಅಮ್ಮ ಹೇಳ್ತಾಳೆ. ಅಪ್ಪ ದಿನಾ ಆಫೀಸಿಗೆ ಹೋಗ್ತಾನೆ."

ಮಂಗನಿಗೆ ಲಿವರನ್ನೇ ಖಾಯಂ ಮಾಡಿದೆ. ಚರ್ಚೆಯೆಲ್ಲ ಜರ್ಮನ್‌ನಲ್ಲಿ ನಡೆಯಿತು. ಆ ವರ್ಷ ಆ ಕೋಣೆಯಲ್ಲಿ ಸುಧಾರಿಸಿದಂತೆ ಕಂಡದ್ದು ನನ್ನ ಜರ್ಮನ್ ಒಂದೇ.

೩. ಪಾತ್ರ ಹಂಚಿಕೆ

ಪೋಷಕರ ದಿನಕ್ಕೆ ಪೀಚ್ ಹುಡುಗನ ನಾಟಕವೆಂದು ತೀರ್ಮಾನವಾಯಿತು. ಕಥೆಯಲ್ಲಿ ಅವನ ಜೊತೆ ನಾಯಿ, ಮಂಗ, ಹಕ್ಕಿ ಎಲ್ಲ ಇವೆ. ಪಟ್ಟಿ ಮಾಡಿ ಕೊಟ್ಟೆ. ಮುಖ್ಯೋಪಾಧ್ಯಾಯಿನಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಓದಿ, ಎರಡೂ ಕೈಯಲ್ಲಿ ಮರಳಿಸಿದರು.

"ಮಗು ನಾಯಿಯಾಗುವುದನ್ನು ನೋಡಲು ಯಾವ ತಾಯಿಯೂ ಬರುವುದಿಲ್ಲ."

"ಮತ್ತೆ?"

"ಎಂಟೂ ಜನ ಪೀಚ್ ಹುಡುಗರು."

"ರಾಕ್ಷಸ?"

ಅವರು ನನ್ನನ್ನು ನೋಡಿ ನಮ್ರವಾಗಿ ತಲೆ ಬಾಗಿಸಿದರು.

ಅಮ್ಮನಿಗೆ ಮಾತ್ರ ಖುಷಿ. ಯಕ್ಷಗಾನದಲ್ಲಿ ರಕ್ಕಸರದ್ದು ಬಣ್ಣದ ವೇಷ; ಅದಕ್ಕೊಂದು ಘನತೆ ಇದೆ. "ಬೊಬ್ಬೆ ಸರೀ ಹಾಕು," ಎಂದಳು. "ಪಿಎಚ್‌ಡಿ ಆದವರ ಹಾಗೆ ಹಾಕಬೇಡ."

೪. ತಪ್ಪೊಪ್ಪಿಗೆ

ಪೋಷಕರು ಹಿಂದಿನ ಗೋಡೆಗೆ ಸಾಲಾಗಿ ನಿಂತರು. ಎಂಟು ವೀರರು ರಟ್ಟಿನ ಕತ್ತಿ ಹಿಡಿದು ಬಂದು ಮೂರೇ ನಿಮಿಷದಲ್ಲಿ ನನ್ನನ್ನು ಕೆಡವಿದರು. ಮಾತೆಲ್ಲ ಬಾಯಿಪಾಠ, ಸ್ವಂತ ವಾಕ್ಯ ಒಂದೂ ಇಲ್ಲ. ನೆಲದ ಮೇಲೆ ಮಲಗಿ ಬೇರೆ ಕೆಲಸಗಳ ಬಗ್ಗೆ ಯೋಚಿಸುತ್ತಿದ್ದೆ.

ಆ ಶಾಲೆಯಲ್ಲೊಂದು ಪದ್ಧತಿ. ಏನೇ ಮಾಡಿದರೂ ಕೊನೆಗೆ ಸುತ್ತ ಕೂತು, ಒಬ್ಬೊಬ್ಬರೂ ತಮ್ಮ ತಪ್ಪೇನೆಂದು ಹೇಳಬೇಕು. ಇವತ್ತು ಅದು ಇಂಗ್ಲಿಷಿನಲ್ಲಿ ಎಂದರು ಮುಖ್ಯೋಪಾಧ್ಯಾಯಿನಿ. ನಾನು ಕಣ್ಣು ಮುಚ್ಚಿದೆ.

"ನಾನು ಟರ್ಮಿನ್ ತೆಗೆದುಕೊಳ್ಳದೆ ದ್ವೀಪಕ್ಕೆ ಹೋದೆ," ಎಂದ ಮೊದಲನೆಯವನು, ಇಂಗ್ಲಿಷಿನಲ್ಲಿ. ಈ ದೇಶದಲ್ಲಿ ಮುಂಚಿತವಾಗಿ ಸಮಯ ಗೊತ್ತುಮಾಡದೆ ಹಲ್ಲು ನೋವನ್ನೂ ತೋರಿಸುವಂತಿಲ್ಲ. ಅದಕ್ಕೇ ಟರ್ಮಿನ್ ಎನ್ನುವುದು; ಆ ಒಂದು ಜರ್ಮನ್ ಪದ ಬಿಟ್ಟರೆ ವಾಕ್ಯ ನಿರ್ದೋಷ.

"ನಾವು ಎಂಟು ಜನ, ರಾಕ್ಷಸಿ ಒಬ್ಬರೇ ಇದ್ದರು."

"ನಾನು ಶೂ ಬಿಚ್ಚದೆ ಅವರ ಮನೆಯೊಳಗೆ ಹೋದೆ."

"ಅವರು ಬಿದ್ದ ಮೇಲೂ ನಾನು ಹೊಡೆದೆ. ನನಗೆ ಖುಷಿಯಾಯಿತು."

ಹೀಗೆ ಎಂಟೂ ಜನ. ಯಾರೂ ಬಾಯಿಪಾಠ ಮಾಡಿರಲಿಲ್ಲ. ಗೋಡೆಯ ಬಳಿ ಒಬ್ಬ ತಾಯಿ ಕಣ್ಣೊರೆಸಿಕೊಂಡರು.

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಟೀಚರಿಗೂ ವಿನಾಯಿತಿ ಇಲ್ಲವಂತೆ. ಮುಖ್ಯೋಪಾಧ್ಯಾಯಿನಿ ಪೆನ್ನು ಹಿಡಿದು ಕಾಯುತ್ತಿದ್ದರು. ನನ್ನ ಮುಂದಿನ ವರ್ಷ ಆ ಪೆನ್ನಿನ ತುದಿಯಲ್ಲಿತ್ತು. ತಪ್ಪು ಹುಡುಕಿದೆ, ಸಿಗಲಿಲ್ಲ. ಎಲ್ಲರೂ ವೀರರಾದ ಮೇಲೆ ದೋಚಿಸಿಕೊಳ್ಳಲು ಊರವರು ಯಾರೂ ಉಳಿದಿರಲಿಲ್ಲವೆಂದು, ಊರು ದೋಚುವ ದೃಶ್ಯವನ್ನೇ ನಾವು ಕೈಬಿಟ್ಟಿದ್ದೆವು. ರಾಕ್ಷಸಿ ಯಾರಿಗೂ ಏನೂ ಮಾಡಿರಲಿಲ್ಲ.

ಎದ್ದು ಕೂತು, ತಲೆ ಬಾಗಿಸಿ, ಪೂರ್ಣ ವಾಕ್ಯದಲ್ಲಿ ಹೇಳಿದೆ:

"ಕ್ಷಮಿಸಿ, ನೀವು ಬಂದಾಗ ನಾನು ಮನೆಯಲ್ಲಿದ್ದೆ."

ಕೆಲಸ ಉಳಿಯಿತು. ಎಂಟು ವೀರರು ಸ್ವಲ್ಪ ಚರ್ಚಿಸಿ ನನ್ನನ್ನು ಕ್ಷಮಿಸಿದರು.